ಬಳ್ಳಾರಿಯಲ್ಲಿ ಕೊಂಡ ಒಂದೂಕಾಲು ಇಂಚಿನ ಆಮೆ

ಕೊಂಡಿದ್ದು ಕೆಂಪು ಕಿವಿಯ ಆಮೆಮರಿ, ಒಂದು ಜೋಡಿ. ಪ್ಲಾಸ್ಟಿಕ್ ತೆಂಗಿನಮರ ಇರುವ ಡಬ್ಬಿ, ಒಂದು ಸಣ್ಣ ಡಬ್ಬಿ ತಿಂಡಿ, ಎಲ್ಲ ಸೇರಿ ಸೆಟ್ಟಿಗೆ 950 ರೂಪಾಯಿ. ಕೊಂಡ ಊರು ಬಳ್ಳಾರಿ, ನಾವಿರುವುದು ಗಂಗಾವತಿ. ನಾಲ್ಕು ವರ್ಷ ಆಯಿತು. ಸ್ಟಾರ್ ಕೊಡಿ ಅಂದರೆ ಅಂಗಡಿಗೆ ಒಂದು. ಅದೂ ಆ ಪ್ಲಾಸ್ಟಿಕ್ ಡಬ್ಬಿ ಇನ್ನೂ ಒಡೆದಿಲ್ಲ ಅನ್ನುವುದಕ್ಕೆ. ಈಗ ಅದರಲ್ಲಿ ಹುಕ್ಕು, ಬಟನ್ ಹಾಕಿಟ್ಟಿದ್ದೇನೆ.

ಆಮೆಗೆ ಸ್ಟಾರ್ ಕೊಡುವುದಿಲ್ಲ. ಅದು ನನ್ನ ಮನೆಗೆ ಬರುತ್ತೇನೆ ಅಂತ ಕೇಳಿರಲಿಲ್ಲ.

ನಾನು ಮನೆಯಲ್ಲೇ ಹೊಲಿಗೆ ಹಾಕುತ್ತೇನೆ. ಬ್ಲೌಸು, ಚೂಡಿದಾರ, ಜೂನ್ ಬಂದರೆ ಶಾಲೆ ಯೂನಿಫಾರ್ಮು. 2021ರ ದೀಪಾವಳಿಗೆ ಮುಂಚೆ ಲೈನಿಂಗ್ ಬಟ್ಟೆ ತರೋಣ, ಮಗನಿಗೆ ಒಂದು ಜೀನ್ಸ್ ಕೊಡಿಸೋಣ ಅಂತ ಬಳ್ಳಾರಿಗೆ ಹೋಗಿದ್ದೆವು. ಜೀನ್ಸ್ ಅಂದರೆ ಬಳ್ಳಾರಿಯೇ ಅಲ್ವಾ. ದುರ್ಗಮ್ಮನ ಗುಡಿಗೂ ಹೋಗಿ ಬಂದೆವು. ಬಸ್ಸಿಗೆ ಇನ್ನೂ ಒಂದು ತಾಸು ಇತ್ತು. ಮೀನು, ಹಕ್ಕಿ ಮಾರುವ ಅಂಗಡಿ ಕಾಣಿಸಿತು. ಹೆಸರು ಬರೆಯುವುದಿಲ್ಲ. ಈಗ ಇಂಥ ಅಂಗಡಿ ಎಲ್ಲ ಊರಲ್ಲೂ ಇವೆ, ಎಲ್ಲರೂ ಹೇಳುವುದೂ ಒಂದೇ.

ಒಂದು ಸ್ಟೀಲ್ ಬೋಗುಣಿಯಲ್ಲಿ ನಲವತ್ತು, ಐವತ್ತು ಮರಿ. ಒಂದರ ಮೇಲೊಂದು ಹತ್ತುತ್ತಿದ್ದವು, ಜಾರಿ ಬೀಳುತ್ತಿದ್ದವು. ಎಳೆ ವೀಳ್ಯದೆಲೆಯ ಬಣ್ಣ. ಕಣ್ಣಿನ ಹಿಂದೆ ಕುಂಕುಮ ತೀಡಿದ ಹಾಗೆ ಕೆಂಪು ಗೆರೆ. ಮಗ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಟೇಪು ಯಾವಾಗಲೂ ನನ್ನ ಬ್ಯಾಗಿನಲ್ಲೇ ಇರುತ್ತದೆ. ಅವನೇ ತೆಗೆದು ಒಂದು ಮರಿಯ ಬೆನ್ನ ಮೇಲೆ ಹಿಡಿದ. ಒಂದೂಕಾಲು ಇಂಚು.

"ಎಷ್ಟು ದೊಡ್ಡದಾಗ್ತಾವಪ್ಪಾ ಇವು?" ಅಂತ ಕೇಳಿದೆ.

"ಇಷ್ಟೇ ಅಕ್ಕಾ. ಡಬ್ಬಿ ಎಷ್ಟು ಐತೋ ಅಷ್ಟೇ ಬೆಳೀತಾವು."

"ಏನ್ ತಿಂತಾವು?"

"ಈ ಕಾಳು, ದಿನಾ ನಾಕು ಹಾಕ್ರಿ ಸಾಕು. ಏನೂ ತ್ರಾಸಿಲ್ಲ. ಮನ್ಯಾಗ ಆಮಿ ಇದ್ರ ಲಕ್ಷ್ಮಿ ಇದ್ದಂಗ."

ಯೂನಿಫಾರ್ಮ್ ಹೊಲಿಯುವಾಗ ಮಗು ಬೆಳೆಯುತ್ತದೆ ಅಂತ ಒಳಗೆ ಎರಡಿಂಚು ಬಟ್ಟೆ ಮಡಚಿ ಬಿಡುವವಳು ನಾನು. ಆಮೆಮರಿಯೂ ಬೆಳೆಯುತ್ತದೆ ಅನ್ನುವುದು ಆ ಹೊತ್ತಿಗೆ ತಲೆಗೆ ಬರಲಿಲ್ಲ ನೋಡಿ. ಬರುವಾಗ ಡಬ್ಬಿ ತೊಡೆಯ ಮೇಲೇ ಇತ್ತು. ಕಂಪ್ಲಿ ಸೇತುವೆ ದಾಟುವಾಗ ಮಗ ಮರಿಗಳನ್ನು ಕಿಟಕಿಗೆ ಹಿಡಿದು ಹೊಳೆ ತೋರಿಸಿದ.

ಮನೆಯಲ್ಲಿ ಅತ್ತೆಗೆ ಖುಷಿಯೋ ಖುಷಿ. ಆಮೆಯ ಮುಖ ಉತ್ತರಕ್ಕೇ ಇರಬೇಕು ಅಂತ ಡಬ್ಬಿಯನ್ನು ಎರಡು ಸಲ ತಿರುಗಿಸಿ ಇಟ್ಟರು. ಹಿತ್ತಾಳೆ ಆಮೆಯಾದರೆ ಇಟ್ಟ ಕಡೆ ನೋಡುತ್ತಾ ಕೂರುತ್ತದೆ. ಇದು ನೊಣ ಎಲ್ಲಿದೆಯೋ ಅಲ್ಲಿ ನೋಡುತ್ತದೆ.

ಅವರ ಖುಷಿ ಮೂರೇ ದಿನ. ನಾಲ್ಕನೇ ದಿನ ಅಡುಗೆಮನೆಯಿಂದ ಕೂಗಿದರು. "ಏನಿದು ವಾಸನಿ? ಹೊಳಿ ದಂಡಿ ವಾಸನಿ ಬರಾಕತ್ತೈತಿ!" ತಿಂಡಿಯ ಡಬ್ಬಿ ಮೂಸಿ ನೋಡಿದೆ. ಅದರ ಮೇಲೆ ಒಂದಕ್ಷರ ಕನ್ನಡವಿಲ್ಲ. ಮಗ ಮೊಬೈಲ್ ಹಿಡಿದು ಓದಿಸಿದ. ಒಣ ಸೀಗಡಿ. ನಮ್ಮ ಮನೆಯೊಳಗೆ ಮೊಟ್ಟೆಯೂ ಬರುವುದಿಲ್ಲ. ದೇವರ ಗೂಡಿನ ಪಕ್ಕ ನಾಲ್ಕು ದಿನ ಸೀಗಡಿ ಇಟ್ಟಿದ್ದೆವು. ಅತ್ತೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಡಬ್ಬಿ, ಆಮೆ, ತೆಂಗಿನಮರ ಎಲ್ಲ ನನ್ನ ಹೊಲಿಗೆ ಕೋಣೆಗೆ ಬಂದವು. ಕೆಂಪು ಕಿವಿಯ ಆಮೆ ಮರಿಯಾಗಿದ್ದಾಗ ಜಾಸ್ತಿ ತಿನ್ನುವುದು ಮಾಂಸವನ್ನೇ, ದೊಡ್ಡದಾಗುತ್ತಾ ಸೊಪ್ಪುಸದೆಗೆ ಬರುತ್ತದೆ. ಇದನ್ನು ಅಂಗಡಿಯಲ್ಲೇ ಒಂದು ಮಾತು ಹೇಳಿದ್ದರೆ ನಾನು ಜೀನ್ಸ್ ಕೊಡಿಸಿ ಸೀದಾ ಬಸ್ಸು ಹತ್ತುತ್ತಿದ್ದೆ.

ಎರಡನೇ ತಿಂಗಳು ಒಂದು ಮರಿ ತಿನ್ನುವುದು ಬಿಟ್ಟಿತು. ಕಣ್ಣು ಊದಿ ಮುಚ್ಚಿಕೊಂಡವು. ಎತ್ತಿಕೊಂಡರೆ ಚಿಪ್ಪು ನೆನೆದ ರಟ್ಟಿನ ಹಾಗೆ ಬೆರಳಿಗೆ ಒತ್ತುತ್ತಿತ್ತು. ದನದ ಆಸ್ಪತ್ರೆಗೆ ಒಯ್ದೆವು. ಸಾಲಿನಲ್ಲಿ ನಮ್ಮ ಮುಂದೆ ಎರಡು ಎಮ್ಮೆ, ಒಂದು ಹೋತ. ನನ್ನ ಕೈಯಲ್ಲಿ ಟಿಫಿನ್ ಡಬ್ಬಿ. ಡಾಕ್ಟರು ಮರಿಯನ್ನು ಅಂಗೈ ಮೇಲಿಟ್ಟುಕೊಂಡು ನಿಧಾನವಾಗಿ ನೋಡಿದರು. ಬಿಸಿಲಿಗೆ ಇಡ್ತೀರಾ ಅಂತ ಕೇಳಿದರು. ಇಡ್ತೀವಿ ಸರ್, ಕಿಟಕಿ ಹತ್ತಿರ ಅಂದೆ. ಗಾಜು ಹಾಕಿದ ಕಿಟಕಿಯಾ ಅಂದರು. ಹೌದು.

ಅಲ್ಲೇ ಇತ್ತು ತಪ್ಪು. ಚಿಪ್ಪು ಗಟ್ಟಿಯಾಗಲು ಕ್ಯಾಲ್ಸಿಯಂ ಬೇಕು. ಕ್ಯಾಲ್ಸಿಯಂ ಮೈಗೆ ಹತ್ತಲು ವಿಟಮಿನ್ ಡಿ3 ಬೇಕು. ಅದನ್ನು ಆಮೆ ಮಾಡಿಕೊಳ್ಳುವುದು ಬಿಸಿಲಿನಲ್ಲಿರುವ ಯುವಿಬಿ ಕಿರಣದಿಂದ. ಕಿಟಕಿ ಗಾಜು ಆ ಕಿರಣವನ್ನೇ ತಡೆದುಬಿಡುತ್ತದೆ. ಒಳಗೆ ಬೆಳಕು ಬರುತ್ತದೆ, ಶಾಖ ಬರುತ್ತದೆ, ಬೇಕಾದದ್ದು ಮಾತ್ರ ಬರುವುದಿಲ್ಲ. ಬರೀ ಒಣ ಸೀಗಡಿ ತಿಂದರೆ ವಿಟಮಿನ್ ಎ ಕಡಿಮೆಯಾಗಿ ಕಣ್ಣು ಹೀಗೆ ಊದುತ್ತವಂತೆ. ವರ್ಷಪೂರ್ತಿ ಬಿಸಿಲು ಕಾಯುವ ನಮ್ಮೂರಲ್ಲಿ ಬಿಸಿಲಿಲ್ಲದೆ ಒಂದು ಜೀವ ಹೋಯಿತು. ಮಗ ಅದನ್ನು ಕರಿಬೇವಿನ ಗಿಡದ ಬುಡದಲ್ಲಿ ಹೂತ. ಒಂದು ವಾರ ಅದರ ಎಲೆ ಕಿತ್ತು ಒಗ್ಗರಣೆಗೆ ಹಾಕಲು ಬಿಡಲಿಲ್ಲ.

ಉಳಿದದ್ದು ಕೆಂಪಿ. ಅದು ಸಾಯಬಾರದು ಅಂತ ಹಟಕ್ಕೆ ಬಿದ್ದೆವು. ಅಲ್ಲಿಂದ ಖರ್ಚು ಶುರು. ಯುವಿಬಿ ದೀಪ ಆನ್‌ಲೈನ್‌ನಲ್ಲಿ 1,300 ರೂಪಾಯಿ. ದೀಪ ಉರಿಯುತ್ತಲೇ ಇದ್ದರೂ ಅದರೊಳಗಿನ ಕಿರಣ ಮಾತ್ರ ಬರಬರುತ್ತಾ ಕಡಿಮೆಯಾಗುತ್ತದೆ, ಆಗಾಗ ಬದಲಿಸಬೇಕು. ಫಿಲ್ಟರು ಎರಡು ಸಲ ತಂದೆವು. ಟಬ್ಬು ಮೂರು ಸಲ ಬದಲಾಯಿತು. ಡಬ್ಬಿ ಎಷ್ಟಿದೆಯೋ ಅಷ್ಟೇ ಬೆಳೆಯುವ ಆಮೆ ಮೂರು ಟಬ್ಬು ಸಾಲದೆ ಬೆಳೆಯಿತು. ನನ್ನ ಲೆಕ್ಕದ ಪುಸ್ತಕದ ಪ್ರಕಾರ ಇಲ್ಲಿಯವರೆಗೆ 11,000 ರೂಪಾಯಿ. ಲೈನಿಂಗ್ ಬ್ಲೌಸಿಗೆ ನಾನು 250 ತೆಗೆದುಕೊಳ್ಳುತ್ತೇನೆ. 44 ಬ್ಲೌಸು ಆಮೆಗೆ ಹೊಲಿದಿದ್ದೇನೆ.

ದುಡ್ಡು ಬಿಡಿ, ನೀರಿನ ಮಾತು ಹೇಳುತ್ತೇನೆ. ಈ ಆಮೆಗೆ ನೀರೊಳಗೆ ಮುಳುಗದೆ ತುತ್ತು ನುಂಗಲು ಬರುವುದಿಲ್ಲ. ತಿನ್ನುವುದು ನೀರಲ್ಲಿ, ಹೇಲುವುದು ನೀರಲ್ಲಿ, ಈಜುವುದೂ ಅದೇ ನೀರಲ್ಲಿ. ಫಿಲ್ಟರ್ ಇದ್ದರೂ ವಾರಕ್ಕೆ ಎರಡು ಸಲ ಎಂಬತ್ತು ಲೀಟರ್ ಬದಲಿಸಬೇಕು. ನಮ್ಮ ಓಣಿಗೆ ನಲ್ಲಿ ನೀರು ದಿನ ಬಿಟ್ಟು ದಿನ. ತೆಗೆದ ನೀರನ್ನು ಗಿಡಗಳಿಗೆ ಹಾಕುತ್ತೇನೆ, ದಾಸವಾಳ ಭರ್ಜರಿಯಾಗಿ ಬಂದಿದೆ, ಅದೊಂದು ಲಾಭ. ಟಬ್ಬನ್ನು ಪಾತ್ರೆ ತೊಳೆಯುವ ಜಾಗದಲ್ಲಿ ತೊಳೆಯುವ ಹಾಗಿಲ್ಲ. ಆಮೆಯ ಮೈಮೇಲೆ ಸಾಲ್ಮೊನೆಲ್ಲಾ ಅನ್ನುವ ರೋಗಾಣು ಇರಬಹುದು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲೇಬೇಕು. ಮಕ್ಕಳಿಗೆ ಈ ಕಾಯಿಲೆ ಬರುತ್ತಿತ್ತು ಅಂತಲೇ ಅಮೆರಿಕದಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಆಮೆ ಮಾರುವುದನ್ನು 1975ರಲ್ಲೇ ನಿಲ್ಲಿಸಿದ್ದಾರೆ. ನನ್ನ ಮಗನ ಕೈಗೆ ಕೊಟ್ಟಿದ್ದು ಒಂದೂಕಾಲು ಇಂಚಿನದು.

ಇನ್ನು ಬೇಸಿಗೆ. ಮೇ ತಿಂಗಳಲ್ಲಿ ಮಾಳಿಗೆ ಮೇಲೆ ಟಬ್ಬು ಇಟ್ಟರೆ ಹತ್ತು ಗಂಟೆಗೆಲ್ಲ ಸ್ನಾನದ ನೀರಿನಷ್ಟು ಬಿಸಿ. ಬೆಳಿಗ್ಗೆ ಏಳಕ್ಕೆ ಬಿಸಿಲಿಗೆ ಇಡುವುದು, ಎಂಟೂವರೆಗೆ ಕೆಳಗೆ ತರುವುದು. ಯಜಮಾನರು ಅಕ್ಕಿ ಮಿಲ್ಲಿನಲ್ಲಿ ಕೆಲಸ ಮಾಡುತ್ತಾರೆ, ಹಾಗಾಗಿ ಗೋಣಿಚೀಲಕ್ಕೆ ಬರವಿಲ್ಲ. ಒದ್ದೆ ಚೀಲ ಹೊದಿಸಿ ನೆರಳು ಮಾಡುತ್ತೇವೆ. ಕರೆಂಟು ಹೋದರೆ ಫಿಲ್ಟರ್ ನಿಲ್ಲುತ್ತದೆ, ಮಧ್ಯಾಹ್ನಕ್ಕೆಲ್ಲ ಕೋಣೆ ನಾರುತ್ತದೆ. ಅಳತೆ ಕೊಡಲು ಬಂದವರು ಸೆರಗು ಮೂಗಿಗೆ ಹಿಡಿದು "ಅಕ್ಕಾರ, ಏನ್ ಸತ್ತೈತ್ರೀ ಇಲ್ಲಿ?" ಅಂತ ಕೇಳಿದ್ದಾರೆ. ಸತ್ತಿಲ್ಲವ್ವ, ಭರ್ಜರಿಯಾಗಿ ಬದುಕೈತಿ ಅಂದೆ.

ಮದುವೆ ಸೀಜನ್ನಿನಲ್ಲಿ ಒಂದು ದಿನ ಕೆಂಪಿ ಟಬ್ಬು ಹತ್ತಿ ಹೊರಗೆ ಬಂದಿತ್ತು. ಬಾಬಿನ್ ಪೆಟ್ಟಿಗೆ ಹಿಂದೆ ಹುಡುಕಿದೆವು, ಮಂಚದ ಕೆಳಗೆ ಹುಡುಕಿದೆವು. ಕತ್ತರಿಸಿಟ್ಟ ಬಟ್ಟೆಗಳ ರಾಶಿಯೊಳಗೆ ಸಿಕ್ಕಿತು. ಮೈಯೆಲ್ಲ ನೀರು, ಕೆಳಗೆ ಮದುಮಗಳ ರೇಷ್ಮೆ ಬ್ಲೌಸ್ ಪೀಸು. ಹಸಿರು ಬಣ್ಣ ಬಿಟ್ಟು ಗುಲಾಬಿ ಅಂಚಿಗೆ ಹತ್ತಿತ್ತು. 900 ರೂಪಾಯಿ ಕಟ್ಟಿಕೊಟ್ಟೆ. ಅದನ್ನು ಆಮೆಯ ಲೆಕ್ಕಕ್ಕೆ ಸೇರಿಸಿಲ್ಲ. ಟಬ್ಬಿಗೆ ಮುಚ್ಚಳ ಹಾಕದಿದ್ದದ್ದು ನಾನು.

2023ರಲ್ಲಿ ಮತ್ತೆ ಬಳ್ಳಾರಿಗೆ ಹೋದಾಗ ಅದೇ ಅಂಗಡಿಗೆ ಹೋಗಿ ಕೇಳಿದೆ. ದುಡ್ಡು ಬೇಡಪ್ಪಾ, ಸುಮ್ನೆ ಇಟ್ಟುಕೋ ಅಂದೆ. ಅದೇ ಹುಡುಗ. ಬೋಗುಣಿಯಲ್ಲಿ ಹೊಸ ಮರಿಗಳು. "ದೊಡ್ಡವು ಯಾರೂ ತಗೊಳ್ಳಂಗಿಲ್ಲ ಅಕ್ಕಾ. ಹೊಳ್ಯಾಗ ಬಿಟ್ಟುಬಿಡ್ರಿ, ಪುಣ್ಯಾನೂ ಬರ್ತೈತಿ" ಅಂದ.

ಈ ವಿಮರ್ಶೆ ಬರೆಯುತ್ತಿರುವುದೇ ಆ ಒಂದು ಮಾತಿಗಾಗಿ. ಅವತ್ತು ರಾತ್ರಿ ನಾವೂ ಹಾಗೇ ಮಾಡುವವರಿದ್ದೆವು. ತುಂಗಭದ್ರಾ ಎಡದಂಡೆ ಕಾಲುವೆ ನಮಗೇನು ದೂರವಲ್ಲ. ಯಜಮಾನರು ಕೆಂಪಿಯನ್ನು ಬಕೆಟ್ಟಿನಲ್ಲಿ ಹಾಕಿ ಗಾಡಿಯನ್ನೂ ತೆಗೆದಿದ್ದರು. ಅತ್ತೆ ಗಂಗಮ್ಮನಿಗೆ ಅಂತ ಅರಿಶಿನ, ಕುಂಕುಮವನ್ನೂ ಕೊಟ್ಟಿದ್ದರು. ಮಗ ಬಕೆಟ್ಟಿನ ಹಿಡಿಕೆ ಬಿಡಲಿಲ್ಲ. ಬೆಳಿಗ್ಗೆವರೆಗೆ ತಡೀರಿ ಅಂದೆ. ರಾತ್ರಿ ಮೊಬೈಲಿನಲ್ಲಿ ಓದುತ್ತಾ ಕೂತೆ.

ಇದು ನಮ್ಮ ದೇಶದ ಆಮೆಯೇ ಅಲ್ಲ. ಇದರ ತವರು ಅಮೆರಿಕದ ಮಿಸಿಸಿಪ್ಪಿ ನದಿ ಕಡೆ. ಸಾಕಲಾಗದೆ ಜನ ಕೆರೆ, ಹೊಳೆಗೆ ಬಿಟ್ಟು ಬಿಟ್ಟು, ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದೂ ಸೇರಿದೆ. ಯುರೋಪಿನವರು ಇದರ ಆಮದನ್ನು 1997ರಲ್ಲೇ ನಿಲ್ಲಿಸಿದರು. ಕೇರಳದ ತ್ರಿಶೂರಿನಲ್ಲಿ 2018ರಲ್ಲಿ ಕಾಲುವೆಯೊಳಗೆ ಸಿಕ್ಕಿತ್ತು. ಬಿಟ್ಟ ಕಡೆ ಇದು ಸ್ಥಳೀಯ ಆಮೆಗಳ ಊಟಕ್ಕೂ, ಬಿಸಿಲು ಕಾಯುವ ಬಂಡೆಗೂ ಪೈಪೋಟಿಗೆ ನಿಲ್ಲುತ್ತದೆ, ತನ್ನ ರೋಗವನ್ನೂ ಹಂಚುತ್ತದೆ. ನಮ್ಮ ಹೊಳೆಯಲ್ಲಿ ಲೀತ್ಸ್ ಮೆದುಚಿಪ್ಪಿನ ಆಮೆ ಅಂತ ಒಂದಿದೆ. ದಕ್ಷಿಣದ ಹೊಳೆಗಳದ್ದೇ ಜೀವ ಅದು, ಈಗ ಅಳಿವಿನ ಅಂಚಿನಲ್ಲಿದೆ. ಡ್ಯಾಮಿನ ಕೆಳಗಿಂದ ಕಂಪ್ಲಿ ಸೇತುವೆವರೆಗಿನ ಹೊಳೆಯನ್ನು ಸರ್ಕಾರ 2015ರಲ್ಲಿ ನೀರುನಾಯಿಗಳಿಗಾಗಿ ಮೀಸಲಿಟ್ಟಿದೆ. ಮಗ ಕಿಟಕಿಯಿಂದ ಮರಿಗಳಿಗೆ ತೋರಿಸಿದ ಹೊಳೆ ಅದೇ.

ಬೆಳಿಗ್ಗೆ ಬಕೆಟ್ಟಿನಿಂದ ಎತ್ತಿ ಮತ್ತೆ ಟಬ್ಬಿಗೆ ಹಾಕಿದೆ. ಅತ್ತೆಗೆ ಇಷ್ಟೆಲ್ಲ ಹೇಳಲಿಲ್ಲ. ನಮ್ಮ ಹೊಳಿ ಆಮಿ ಹೊಟ್ಟಿಗೆ ಕಲ್ಲು ಹಾಕ್ದಂಗ ಆಗ್ತೈತಿ ಅತ್ತಿ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಂಗಾರ ಬ್ಯಾಡ ಬಿಡು ಅಂದರು. ಈಗ ಕೆಂಪಿಗೆ ಗಜ್ಜರಿ ಹೆಚ್ಚಿ ಹಾಕುವವರು ಅವರೇ. ಸೀಗಡಿ ಡಬ್ಬಿ ಮಾತ್ರ ಇವತ್ತಿಗೂ ಮುಟ್ಟುವುದಿಲ್ಲ.

ಕೆಂಪಿಯನ್ನು ನೋಡಿ ನಮಗೂ ಒಂದು ಬೇಕು ಅನ್ನುವವರು ತಿಂಗಳಿಗೆ ಒಬ್ಬರಾದರೂ ಬರುತ್ತಾರೆ. ಇದನ್ನೇ ಒಯ್ಯಿರಿ ಅಂದರೆ ಬೇಡ, ಸಣ್ಣದು ಬೇಕು ಅನ್ನುತ್ತಾರೆ. ಒಬ್ಬರು ನಕ್ಷತ್ರ ಆಮೆ ಕೊಡಿಸ್ತೀರಾ ಅಂತಲೂ ಕೇಳಿದರು. ಅದು ನಮ್ಮ ಕಾಡಿನ ಜೀವ. ಮನೆಯಲ್ಲಿ ಇಟ್ಟುಕೊಂಡರೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಕೇಸಾಗುತ್ತದೆ. ನಮ್ಮ ದೇಶದ ಗಿಣಿ ಸಾಕಿದರೂ ಅಷ್ಟೇ. ಜನಕ್ಕೆ ಇದು ಹೇಳಿದರೆ ನಗುತ್ತಾರೆ.

ತಿಂಗಳಿಗೊಮ್ಮೆ ಕೆಂಪಿಯ ಅಳತೆ ತೆಗೆದು ಗಿರಾಕಿಗಳ ಅಳತೆ ಪುಸ್ತಕದಲ್ಲೇ ಬರೆಯುತ್ತೇನೆ, ಕೊನೆಯ ಹಾಳೆಯಲ್ಲಿ. ಮೊದಲ ಸಾಲು ಒಂದೂಕಾಲು. ಈ ತಿಂಗಳು ಎಂಟು. ಮುಂಗಾಲಿನ ಉಗುರು ಗಿಡ್ಡ, ಹಾಗಾಗಿ ಹೆಣ್ಣು. ಹೆಣ್ಣು ಒಂದು ಅಡಿವರೆಗೂ ಬೆಳೆಯಬಹುದು, ಚೆನ್ನಾಗಿ ನೋಡಿಕೊಂಡರೆ ಮೂವತ್ತು ವರ್ಷ ಬದುಕುತ್ತದೆ. ನನಗೀಗ 36.

ಟಬ್ಬಿನ ಕಾಲ ಮುಗಿಯಿತು. ಹಿತ್ತಲಲ್ಲಿ ಒಂದು ಸಣ್ಣ ತೊಟ್ಟಿ ಕಟ್ಟಿಸುವುದು, ಅರ್ಧಕ್ಕೆ ನೆರಳು, ಒಂದು ಮೂಲೆಗೆ ಮೊಟ್ಟೆ ಇಡಲು ಮರಳು ಅಂತ ತೀರ್ಮಾನ ಮಾಡಿದ್ದೇವೆ. ಮೇಸ್ತ್ರಿ ಹೋದ ವಾರ ಬಂದು ಜಾಗ ನೋಡಿದ. 14,000 ಆಗುತ್ತದೆ ಅಂದ. ಕೆಂಪಿಯನ್ನೂ ಬಗ್ಗಿ ನೋಡಿ, "ಇದು ಇನ್ನಾ ಎಷ್ಟು ಬೆಳೀತೈತ್ರೀ ಅಕ್ಕಾರ?" ಅಂತ ಕೇಳಿದ.

"ನಾಕಿಂಚು ಬಿಟ್ಟು ಕಟ್ಟಪ್ಪಾ" ಅಂದೆ.