ಸುಳ್ಳು ಎಚ್ಚರಿಕೆಯ ಜಾಡು: ಜಿಸಿಸಿ, ಕ್ಲ್ಯಾಂಗ್, ಸ್ಮ್ಯಾಚ್ ಮತ್ತು ಕೆಎಂಸ್ಯಾನ್

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿರುವ ನಮ್ಮ ಮನೆಯ ಅಡಿಕೆ ಒಣಗಿಸುವ ಕೋಣೆಗೆಂದು ನಾನು ಒಂದು ಉಷ್ಣಾಂಶ ಸೆನ್ಸರ್ ತಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಜೋಡಿಸಿದ್ದೆ. ಅದರ ಲಿನಕ್ಸ್ ಡ್ರೈವರನ್ನು, ಅಂದರೆ ಸೆನ್ಸರಿನೊಡನೆ ಮಾತಾಡುವ ಪ್ರೋಗ್ರಾಮನ್ನು, ನಾನೇ ಬರೆಯುತ್ತಿದ್ದೆ. ಈ ಮಳೆಗಾಲದಲ್ಲಿ ಅದನ್ನು ಜಿಸಿಸಿ 13 ಎಂಬ ಕಂಪೈಲರಿನಲ್ಲಿ (ಬರೆದ ಕೋಡನ್ನು ಯಂತ್ರದ ಭಾಷೆಗೆ ತರುವ ಸಾಧನ), ಹೆಚ್ಚುವರಿಯಾದ ‘ಡಬ್ಲ್ಯು=2’ ಹಂತದ ಎಚ್ಚರಿಕೆಗಳೊಡನೆ ಕಂಪೈಲ್ ಮಾಡಿದಾಗ, ಒಂದು ವೇರಿಯಬಲ್ ಬೆಲೆ ತುಂಬುವ ಮೊದಲೇ ಬಳಕೆಯಾಗಿರಬಹುದು ಎಂಬ ಎಚ್ಚರಿಕೆ ಬಂತು. ಆ ಸಾಲನ್ನು ಹತ್ತು ಸಲ ಓದಿದರೂ ತಪ್ಪು ಕಾಣಲಿಲ್ಲ. ಎಚ್ಚರಿಕೆ ನಿಜವೋ ಸುಳ್ಳೋ ಎಂಬ ತೀರ್ಪನ್ನು ಯಾವ ಸಾಧನ ಕಡಿಮೆ ಖರ್ಚಿನಲ್ಲಿ ಕೊಡುತ್ತದೆ ಎಂದು ನೋಡಲು ಅದೇ ಡ್ರೈವರನ್ನು ನಾಲ್ಕು ಸಾಧನಗಳ ಕೈಗೆ ಕೊಟ್ಟು ನೋಡಿದೆ.

ಮೊದಲು ಆ ಸಾಲಿನ ವಿಚಾರ. ಒಂದು ಸಹಾಯಕ ಫಂಕ್ಷನ್ ಪಾಯಿಂಟರೊಂದನ್ನು (ಮೆಮೊರಿಯ ವಿಳಾಸವನ್ನು) ಪಡೆದು, ಅದರಲ್ಲಿ ದೋಷ ಸಂಖ್ಯೆ ಅಡಗಿದೆಯೇ ಎಂದು ‘ಇಸ್ ಎರರ್’ ಪರೀಕ್ಷೆಯಿಂದ ನೋಡುತ್ತದೆ. ದೋಷವಿದ್ದರೆ ಆ ಸಂಖ್ಯೆಯನ್ನು ಪೂರ್ಣಾಂಕವಾಗಿ ಹಿಂದಿರುಗಿಸುತ್ತದೆ, ಇಲ್ಲದಿದ್ದರೆ ಕರೆದ ಫಂಕ್ಷನ್ನಿನ ವೇರಿಯಬಲ್‌ಗೆ ಬೆಲೆ ತುಂಬಿ ಸೊನ್ನೆಯನ್ನು ಹಿಂದಿರುಗಿಸುತ್ತದೆ. ಕರೆದ ಫಂಕ್ಷನ್ ಸೊನ್ನೆಯಲ್ಲದ ಉತ್ತರ ಬಂದರೆ ಅಲ್ಲಿಂದಲೇ ಹೊರಬೀಳುತ್ತದೆ. ಲಿನಕ್ಸಿನ ತಿರುಳಾದ ಕರ್ನಲ್ಲಿನಲ್ಲಿ ಪಾಯಿಂಟರೊಳಗೆ ಅಡಗಿಸುವ ದೋಷ ಸಂಖ್ಯೆಗಳು -1ರಿಂದ -4095ರವರೆಗೆ ಮಾತ್ರ ಇರುವುದರಿಂದ, 64 ಬಿಟ್ಟಿನ ಪಾಯಿಂಟರನ್ನು 32 ಬಿಟ್ಟಿಗೆ ಕತ್ತರಿಸಿದರೂ ಉತ್ತರ ಸೊನ್ನೆಯಾಗುವ ಪ್ರಶ್ನೆಯೇ ಇಲ್ಲ. ಓದುವವರಿಗೆ ಇದು ಸಲೀಸಾಗಿ ತಿಳಿಯುತ್ತದೆ. ಜಿಸಿಸಿಗೆ ಮಾತ್ರ ಆ ಎರಡು ಪರೀಕ್ಷೆಗಳ ನಡುವಿನ ಸಂಬಂಧ ಹೊಳೆಯುವುದಿಲ್ಲ. ದೋಷವಿದ್ದೂ ಉತ್ತರ ಸೊನ್ನೆಯಾಗುವ, ನಿಜದಲ್ಲಿ ಇಲ್ಲದ ದಾರಿಯೊಂದನ್ನು ಅದು ಊಹಿಸಿಕೊಂಡು ಎಚ್ಚರಿಸುತ್ತದೆ. ಎರಡು ಪರೀಕ್ಷೆಗಳನ್ನು ಒಂದೇ ಮಾಡುವ ‘ಪಿಟಿಆರ್ ಎರರ್ ಆರ್ ಝೀರೋ’ ಬಳಸಿ, ಅದರ ಉತ್ತರವನ್ನೇ ಪರೀಕ್ಷಿಸುವಂತೆ ಬರೆದ ಕೂಡಲೇ ಎಚ್ಚರಿಕೆ ಮಾಯವಾಯಿತು. ವೇರಿಯಬಲ್‌ಗೆ ಸುಮ್ಮನೆ ಸೊನ್ನೆ ತುಂಬಿದ್ದರೂ ಮಾಯವಾಗುತ್ತಿತ್ತು. ಆದರೆ ಹಾಗೆ ಮಾಡಿದರೆ ಮುಂದೆ ಯಾರಾದರೂ ನಿಜವಾದ ತಪ್ಪು ಮಾಡಿದಾಗ ಕಂಪೈಲರ್ ಬಾಯಿ ಬಿಡದಂತೆ ಕಟ್ಟಿಹಾಕಿದಂತಾಗುತ್ತದೆ.

ಜಿಸಿಸಿಯ ಈ ಎಚ್ಚರಿಕೆ ಆಪ್ಟಿಮೈಸೇಷನ್, ಅಂದರೆ ಕೋಡನ್ನು ಚುರುಕಾಗಿಸುವ ಕೆಲಸ, ನಡೆಯುವ ಹಂತದಲ್ಲಿ ಹುಟ್ಟುತ್ತದೆ ಎಂಬುದೇ ಅದರ ಗುಣಕ್ಕೂ ದೋಷಕ್ಕೂ ಮೂಲ. ಇನ್ನೊಂದು ಕಂಪೈಲರ್ ಆದ ಕ್ಲ್ಯಾಂಗ್ ಇಂಥದೇ ಪರೀಕ್ಷೆಯನ್ನು ಆಪ್ಟಿಮೈಸೇಷನ್ನಿಗೆ ಮೊದಲೇ, ಬರೆದ ಕೋಡಿನ ಮೇಲೇ ನಡೆಸುತ್ತದೆ. ಮಲೆನಾಡಿನವರಿಗೆ ಹೇಳುವುದಾದರೆ, ಕ್ಲ್ಯಾಂಗ್ ನೋಡುವುದು ಹಸಿ ಅಡಿಕೆಯನ್ನು, ಜಿಸಿಸಿ ನೋಡುವುದು ಸುಲಿದು ಬೇಯಿಸಿದ ಅಡಿಕೆಯನ್ನು. ಬೇಯಿಸಿದ ಮೇಲೆ ಕೆಲವು ದೋಷಗಳು ಎದ್ದು ಕಾಣುತ್ತವೆ. ಕೆಲವು ಕಲೆಗಳು ಬೇಯಿಸಿದ್ದರಿಂದಲೇ ಬಂದವು. ಸಹಾಯಕ ಫಂಕ್ಷನ್ನಿನ ಕೋಡನ್ನು ಕಂಪೈಲರ್ ಕರೆದಲ್ಲಿಯೇ ಸೇರಿಸಿ, ಅದು ಬೆರೆತುಹೋದರೆ ಎಚ್ಚರಿಕೆ ಬರುತ್ತದೆ, ಬೆರೆಯದಿದ್ದರೆ ಬರುವುದಿಲ್ಲ. ಗಾತ್ರ ಕಡಿಮೆ ಮಾಡುವ ಆಯ್ಕೆಯನ್ನೋ ಮೆಮೊರಿ ತಪ್ಪು ಹಿಡಿಯುವ ಕೆಎಸ್ಯಾನ್‌ನಂಥ ತಪಾಸಣೆಯನ್ನೋ ಕಾನ್ಫಿಗ್‌ನಲ್ಲಿ ಹಾಕಿದರೆ ಬೆರೆಯುವ ಲೆಕ್ಕಾಚಾರವೇ ಬದಲಾಗುತ್ತದೆ. ಶಿವಮೊಗ್ಗದಲ್ಲಿರುವ ಗೆಳೆಯನೊಬ್ಬನ ಹಳೆಯ ಜಿಸಿಸಿ ನನ್ನ ಸಾಲಿನ ಬಗ್ಗೆ ಚಕಾರ ಎತ್ತದೆ, ಇನ್ನೆಲ್ಲೋ ಬೇರೆಯದೇ ಸಾಲನ್ನು ತೋರಿಸಿತು. ಇಂಥ ಕಿರಿಕಿರಿಯಿಂದಲೇ ಲಿನಕ್ಸಿನ ಕರ್ತೃ ಲಿನಸ್ ಟೊರ್ವಾಲ್ಡ್ಸ್ 2020ರ ಮೇ ತಿಂಗಳಲ್ಲಿ ಈ ಎಚ್ಚರಿಕೆಯನ್ನು ಸಾಮಾನ್ಯ ಬಿಲ್ಡ್‌ನಿಂದ ತೆಗೆದುಹಾಕಿದ್ದು. ಈಗ ಕೇಳಿದವರಿಗಷ್ಟೇ ಅದು ಸಿಗುತ್ತದೆ. ಎಚ್ಚರಿಕೆಯ ಬಾಯಿ ಮುಚ್ಚಿಸಲೆಂದೇ ಇದ್ದ ಮ್ಯಾಕ್ರೋವನ್ನೂ ಅದೇ ವರ್ಷ ಕರ್ನಲ್ಲಿನ 5.9ನೆಯ ಆವೃತ್ತಿಯಲ್ಲಿ ಕಿತ್ತುಹಾಕಿದರು.

ಕ್ಲ್ಯಾಂಗ್ ಬಳಕೆ ಸುಲಭ. ‘ಎಲ್‌ಎಲ್‌ವಿಎಂ=1’ ಎಂದು ಸೇರಿಸಿ ಆ ಒಂದೇ ಕಡತದ ಆಬ್ಜೆಕ್ಟ್ ಬೇಕೆಂದು ಬಿಲ್ಡ್ ನಡೆಸುವ ಮೇಕ್‌ಗೆ ಹೇಳಿದರಾಯಿತು, ನನ್ನ ಎಂಟು ಜಿಬಿಯ ಹಳೆಯ ಲ್ಯಾಪ್‌ಟಾಪ್ ಕೂಡ ಏದುಸಿರು ಬಿಡುವುದಿಲ್ಲ. ಆಪ್ಟಿಮೈಸೇಷನ್ ಬದಲಾದರೂ ಅದರ ಮಾತು ಬದಲಾಗುವುದಿಲ್ಲ. ಲೂಪ್ ಒಂದು ಸುತ್ತೂ ಸುತ್ತದೆ ಮುಗಿದರೆ ಇಂಥ ವೇರಿಯಬಲ್ ಖಾಲಿ ಉಳಿಯುತ್ತದೆ ಎಂದು ದಾರಿಯನ್ನೇ ಬೆರಳಿಟ್ಟು ತೋರಿಸುವ ಅದರ ವಿವರಣೆ ಜಿಸಿಸಿಯದಕ್ಕಿಂತ ಎಷ್ಟೋ ಸ್ಪಷ್ಟ. ನನ್ನ ವಿವಾದಿತ ಸಾಲಿನ ಬಗ್ಗೆ ಕ್ಲ್ಯಾಂಗ್ ಏನೂ ಹೇಳಲಿಲ್ಲ. ಆ ಮೌನವನ್ನು ತೀರ್ಪೆಂದು ನಂಬಿ ನಾನು ಒಂದು ದಿನ ನೆಮ್ಮದಿಯಾಗಿದ್ದೆ. ಆಮೇಲೆ ತಿಳಿದದ್ದು ಇಷ್ಟು: ವೇರಿಯಬಲ್ಲಿನ ವಿಳಾಸವನ್ನು ಬೇರೊಂದು ಫಂಕ್ಷನ್ನಿಗೆ ಕೊಟ್ಟ ಮೇಲೆ, ಆ ಫಂಕ್ಷನ್ ಬೆಲೆ ತುಂಬಿರಬೇಕು ಎಂದು ಕ್ಲ್ಯಾಂಗ್ ಒಪ್ಪಿಕೊಂಡುಬಿಡುತ್ತದೆ. ಅಂದರೆ ಅದು ಪರೀಕ್ಷಿಸಿ ಸುಮ್ಮನಾದದ್ದಲ್ಲ, ಪರೀಕ್ಷಿಸಲೇ ಇಲ್ಲ.

ನಡುವೆ ಸ್ಪಾರ್ಸ್ ಎಂಬ ಕೋಡ್ ಪರೀಕ್ಷಕವನ್ನೂ ಓಡಿಸಿದೆ. ಬಳಕೆದಾರರ ವಿಳಾಸ, ಎಂಡಿಯನ್ (ಬೈಟುಗಳ ಕ್ರಮ) ಮುಂತಾದ ಗುರುತುಗಳ ಅದಲುಬದಲಿಗೆ ಅದು ಒಳ್ಳೆಯದು. ಈ ವ್ಯಾಜ್ಯಕ್ಕೆ ಅದರಿಂದ ಉಪಯೋಗವಿಲ್ಲ.

ಓಡಿಸದೆಯೇ ಕೋಡನ್ನು ಓದಿ ತಪ್ಪು ಹುಡುಕುವ, ಡ್ಯಾನ್ ಕಾರ್ಪೆಂಟರ್ ಅವರ ಸ್ಮ್ಯಾಚ್ ಬೇರೆ ಜಾತಿಯದು. ಅದು ಇಡೀ ಕರ್ನಲ್ಲಿನ ಫಂಕ್ಷನ್‌ಗಳು ಏನು ಹಿಂದಿರುಗಿಸುತ್ತವೆ, ಯಾವ ಉತ್ತರ ಬಂದಾಗ ಏನನ್ನು ತುಂಬಿರುತ್ತವೆ ಎಂಬುದರ ಡೇಟಾಬೇಸ್ ಕಟ್ಟಿಕೊಂಡು, ಕಡತದ ಗಡಿ ದಾಟಿ ನೋಡಬಲ್ಲದು. ಕಷ್ಟವಿರುವುದು ಆ ಡೇಟಾಬೇಸ್ ಕಟ್ಟುವುದರಲ್ಲಿ. ನನ್ನ ಲ್ಯಾಪ್‌ಟಾಪ್‌ನಲ್ಲಿ ಸಂಜೆ ಶುರುಮಾಡಿದ ಕೆಲಸ ಬೆಳಗಾದರೂ ಮುಗಿಯುತ್ತಿರಲಿಲ್ಲ. ಆಷಾಢದ ಗಾಳಿಮಳೆಗೆ ಕರೆಂಟು ಹೋದರೆ ಗಂಟೆಗಟ್ಟಲೆ ಬಾರದು, ಬ್ಯಾಟರಿ ಅಷ್ಟು ಹೊತ್ತು ತಾಳದು. ಎರಡು ರಾತ್ರಿ ಹೀಗೆ ಹಾಳಾದ ಮೇಲೆ ಶಿವಮೊಗ್ಗದ ಗೆಳೆಯನೇ ತನ್ನ ಡೆಸ್ಕ್‌ಟಾಪ್‌ನಲ್ಲಿ ಅದನ್ನು ಕಟ್ಟಿ ಪೆನ್‌ಡ್ರೈವ್‌ನಲ್ಲಿ ಕೊಟ್ಟ. ಸ್ಮ್ಯಾಚ್ ಜಿಸಿಸಿಯ ಸಾಲನ್ನು ದಾಟಿ ಹೋಯಿತು, ಆದರೆ ಅಲ್ಲಿಂದ ಐವತ್ತು ಸಾಲು ಕೆಳಗೆ, ಎರಡೂ ಕಂಪೈಲರುಗಳು ಗಮನಿಸದಿದ್ದ ಇನ್ನೊಂದು ವೇರಿಯಬಲ್ ಖಾಲಿ ಇದೆ ಎಂದಿತು. ನೋಡಿದರೆ, ಸೆನ್ಸರಿನಿಂದ ಓದುವ ಫಂಕ್ಷನ್ ಬೇರೆ ಕಡತದಲ್ಲಿತ್ತು; ಓದು ವಿಫಲವಾದರೆ ಅದು ಏನನ್ನೂ ತುಂಬದೆ ದೋಷ ಸಂಖ್ಯೆಯನ್ನಷ್ಟೇ ಹಿಂದಿರುಗಿಸುತ್ತಿತ್ತು, ನಾನು ಆ ಸಂಖ್ಯೆಯನ್ನು ನೋಡಿರಲೇ ಇಲ್ಲ.

2022ರ ಕೊನೆಯಲ್ಲಿ 6.1ನೆಯ ಆವೃತ್ತಿಯೊಡನೆ ಕರ್ನಲ್ ಸೇರಿದ, ಬೆಲೆ ತುಂಬದ ಮೆಮೊರಿಯ ಬಳಕೆ ಪತ್ತೆಹಚ್ಚುವ ಕೆಎಂಸ್ಯಾನ್ ಊಹಿಸುವುದಿಲ್ಲ, ಕರ್ನಲ್ ಓಡುವಾಗಲೇ ಹಿಡಿಯುತ್ತದೆ. ಪ್ರತಿ ಬೈಟ್ ತುಂಬಿದೆಯೇ, ತುಂಬದಿದ್ದರೆ ಎಲ್ಲಿಂದ ಬಂತು ಎಂಬ ನೆರಳು ಲೆಕ್ಕ ಇಡುವುದರಿಂದ ಮೆಮೊರಿ ಸುಮಾರು ಮೂರು ಪಟ್ಟು ಬೇಕು, ಕ್ಲ್ಯಾಂಗ್ ಕಡ್ಡಾಯ, ಪೈನ ಆರ್ಮ್ ಪ್ರೊಸೆಸರ್‌ನಲ್ಲಿ ಅದು ಓಡದು. ಕ್ಯೂಎಂಯು ಎಂಬ ಕಲ್ಪಿತ ಯಂತ್ರದಲ್ಲಿ ಎಕ್ಸ್86 ಕರ್ನಲ್ ಹಾಕಿ, ‘ಐ2ಸಿ ಸ್ಟಬ್’ ಮಾಡ್ಯೂಲ್‌ನಿಂದ ಸುಳ್ಳು ಸೆನ್ಸರ್ ಒಂದನ್ನು ನಿಲ್ಲಿಸಿದೆ. ಆ ಸೆನ್ಸರ್ ಕೇಳಿದಾಗಲೆಲ್ಲ ವಿಧೇಯವಾಗಿ ಉತ್ತರಿಸುತ್ತಿದ್ದುದರಿಂದ ವಿಫಲ ದಾರಿ ಒಮ್ಮೆಯೂ ಓಡಲಿಲ್ಲ, ಕೆಎಂಸ್ಯಾನ್‌ಗೆ ಹೇಳಲು ಏನೂ ಇರಲಿಲ್ಲ. ಓದುವ ಫಂಕ್ಷನ್ ಬೇಕೆಂದೇ ದೋಷ ಹಿಂದಿರುಗಿಸುವಂತೆ ತಿದ್ದಿದ ಮೇಲೆ, ವೇರಿಯಬಲ್ ಹುಟ್ಟಿದ ಫಂಕ್ಷನ್ನಿನ ಹೆಸರಿನೊಡನೆ ವರದಿ ತಟ್ಟನೆ ಬಂತು. ಸಾಕ್ಷ್ಯದ ತೂಕದಲ್ಲಿ ಇದಕ್ಕೆ ಸಾಟಿಯಿಲ್ಲ, ಆದರೆ ಎಲ್ಲಿ ಹುಡುಕಬೇಕೆಂದು ಮೊದಲೇ ಗೊತ್ತಿರಬೇಕು. ಇದು ಸ್ಮ್ಯಾಚ್ ಹೇಳಿದ್ದನ್ನು ಖಚಿತಪಡಿಸಿತೇ ಹೊರತು ತಾನಾಗಿ ಕಂಡುಹಿಡಿಯಲಿಲ್ಲ.

ಈಗ ಜಿಸಿಸಿ ಅನುಮಾನ ಹುಟ್ಟಿಸಿದರೆ ನಾನು ಮೊದಲು ಸಹಾಯಕ ಫಂಕ್ಷನ್ ಬೆರೆಯದಂತೆ ಗುರುತು ಹಾಕಿ ನೋಡುತ್ತೇನೆ. ಎಚ್ಚರಿಕೆ ಹೋದರೆ ಅದು ಎಲ್ಲಿ ಹುಟ್ಟಿತೆಂದು ಗೊತ್ತಾಗುತ್ತದೆ, ನಿಜವೋ ಸುಳ್ಳೋ ಎಂದಲ್ಲ. ಆ ಪ್ರಶ್ನೆಗೆ ಸ್ಮ್ಯಾಚ್ ಹತ್ತಿರ ಹೋಗುತ್ತೇನೆ. ಕ್ಲ್ಯಾಂಗ್ ಮಾತಾಡಿದರೆ ಕೇಳುತ್ತೇನೆ, ಮೌನವಾಗಿದ್ದರೆ ಲೆಕ್ಕಕ್ಕಿಡುವುದಿಲ್ಲ.

ಆ ನಿಜವಾದ ತಪ್ಪು ಅಷ್ಟು ದಿನ ಕಣ್ಣಿಗೆ ಬೀಳದಿರಲು ಇನ್ನೊಂದು ಕಾರಣವಿತ್ತು. ನನ್ನ ಪೈನ ಕರ್ನಲ್ ಸ್ಟ್ಯಾಕ್‌ನ ವೇರಿಯಬಲ್‌ಗಳಿಗೆಲ್ಲ ತಾನಾಗಿ ಸೊನ್ನೆ ತುಂಬುವ ಆಯ್ಕೆಯೊಡನೆ ಬಿಲ್ಡ್ ಆಗಿತ್ತು. ಹಾಗಾಗಿ ಓದು ವಿಫಲವಾದಾಗ ಕಸದ ಸಂಖ್ಯೆಯ ಬದಲು ಸೊನ್ನೆ ಡಿಗ್ರಿ ಎಂದು ಬರುತ್ತಿತ್ತು, ನಾನು ವೈರ್ ಸಡಿಲವಾಗಿದೆ ಎಂದುಕೊಂಡು ಒತ್ತಿ ಕೂರಿಸುತ್ತಿದ್ದೆ. ಬೆಂಕಿ ಹಾಕಿದ ಅಡಿಕೆ ಕೋಣೆ ಸೊನ್ನೆ ಡಿಗ್ರಿಗೆ ಇಳಿಯುವುದುಂಟೇ ಎಂದು ಕೇಳಿಕೊಳ್ಳಲೇ ಇಲ್ಲ. ಉತ್ತರ ಪರೀಕ್ಷಿಸುವ ಎರಡು ಸಾಲು ಸೇರಿಸಿದ ಮೇಲೆ ವೈರ್ ಕಿತ್ತು ನೋಡಿದೆ: ಸೊನ್ನೆಯ ಬದಲು -121 ಎಂಬ ದೋಷ ಸಂಖ್ಯೆ ಬಂತು.