ಮನಿಬಾಲ್: ವಾರಾಂತ್ಯಕ್ಕೊಂದು ಪುಸ್ತಕ, ಒಂದು ಚಿತ್ರ

ಮೈಕಲ್ ಲೂಯಿಸ್ ಅವರ ‘ಮನಿಬಾಲ್’ (2003) ಪುಸ್ತಕವನ್ನೂ, ಅದನ್ನು ಆಧರಿಸಿ 2011ರಲ್ಲಿ ತೆರೆಕಂಡ ಚಲನಚಿತ್ರವನ್ನೂ ಒಂದೇ ವಾರಾಂತ್ಯದಲ್ಲಿ ಮುಗಿಸಬಹುದು. ಮಡಿಕೇರಿಯ ಮಳೆಗಾಲದ ಶನಿವಾರ, ಭಾನುವಾರಗಳಿಗೆ ಇದಕ್ಕಿಂತ ಒಳ್ಳೆಯ ಜೋಡಿಯನ್ನು ನಾನು ಕಂಡಿಲ್ಲ. 2002ರಲ್ಲಿ ಆಟಗಾರರ ಸಂಬಳಕ್ಕೆ ಸುಮಾರು 4 ಕೋಟಿ ಡಾಲರ್ ವ್ಯಯಿಸಿದ ಅಮೆರಿಕದ ಓಕ್ಲೆಂಡ್ ಬೇಸ್‌ಬಾಲ್ ತಂಡವು, ಅದರ ಮೂರು ಪಟ್ಟು ವೆಚ್ಚ ಮಾಡಿದ ನ್ಯೂಯಾರ್ಕ್ ಯಾಂಕೀಸ್‌ನಷ್ಟೇ, ಅಂದರೆ 103 ಪಂದ್ಯಗಳನ್ನು ಗೆದ್ದದ್ದು ಹೇಗೆಂಬುದೇ ಇದರ ವಸ್ತು. ಆಟಗಾರರ ಮಾರುಕಟ್ಟೆಯು ಹೊಡೆತದ ಅಬ್ಬರಕ್ಕೆ ಹೆಚ್ಚು ಬೆಲೆ ಕಟ್ಟಿ, ಔಟಾಗದೆ ಬೇಸ್ (ಓಟದ ಹಾದಿಯ ನೆಲೆ) ತಲುಪುವ ತಾಳ್ಮೆಯನ್ನು ಕಡೆಗಣಿಸುತ್ತಿತ್ತು ಎಂಬುದನ್ನು ಓಕ್ಲೆಂಡ್‌ನ ಪ್ರಧಾನ ವ್ಯವಸ್ಥಾಪಕ ಬಿಲ್ಲಿ ಬೀನ್ ಬಳಸಿಕೊಂಡ ಬಗೆಯನ್ನು ಲೂಯಿಸ್ ಅಂಕಿಅಂಶಗಳ ಭಾರವಿಲ್ಲದೆ ವಿವರಿಸುತ್ತಾರೆ. ಬೇಸ್‌ಬಾಲ್ ಅರಿಯದವರಿಗೆ ಆರಂಭ ತುಸು ಕಷ್ಟವೆನಿಸಬಹುದು. ಆದರೂ 1997ರಲ್ಲಿ ಕೊಡಗಿನ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿಯಲ್ಲಿ ಮನೆತನದವರನ್ನೇ ಸೇರಿಸಿ ತಂಡ ಕಟ್ಟುವುದನ್ನು ಬಲ್ಲ ನಮ್ಮವರಿಗೆ, ಇರುವ ಆಟಗಾರರಲ್ಲೇ ಅಡಗಿದ ಗುಣವನ್ನು ಹುಡುಕುವ ಆ ಶ್ರಮ ಕೂಡಲೇ ಅರ್ಥವಾಗುತ್ತದೆ. ಚಿತ್ರದಲ್ಲಿ ಬ್ರಾಡ್ ಪಿಟ್ ಅವರ ಅಭಿನಯ ಸಂಯಮದಿಂದ ಕೂಡಿದೆ. ಆದರೆ ಹಡ್ಸನ್, ಮಲ್ಡರ್, ಝೀಟೊ ಎಂಬ ತಂಡದ ಮೂವರು ಶ್ರೇಷ್ಠ ಪಿಚರ್‌ಗಳ (ಚೆಂಡೆಸೆಯುವವರ) ಕೊಡುಗೆಯನ್ನು ಚಿತ್ರ ಬಹುತೇಕ ಮರೆಸುವುದು ದೊಡ್ಡ ಕೊರತೆ; ಆದ್ದರಿಂದ ಪುಸ್ತಕವನ್ನೇ ಮೊದಲು ಓದಬೇಕೆಂದು ನನ್ನ ಸಲಹೆ.