ಡೋರ್ ಪ್ಯಾಡ್ ಒಡೆದಿದೆ ಅಂತ ಅಂಟು ಹಾಕಿಸೋಕೆ ಹೊರಟಿದ್ದೀರಾ? ಸ್ವಲ್ಪ ತಡೀರಿ

ತುಮಕೂರಲ್ಲಿ ಕಾರಿನ ಒಳಗಿನ ಪ್ಲಾಸ್ಟಿಕ್ ರಿಪೇರಿ ಮಾಡಿಸಬೇಕು ಅಂತಿರುವವರು ಇದನ್ನು ಓದಿಯೇ ಹೋಗಿ. ಆರುನೂರು ರೂಪಾಯಿಯಲ್ಲಿ ಮುಗಿಯಬೇಕಿದ್ದ ಕೆಲಸ ನನಗೆ ಕೊನೆಗೆ ಹೊಸ ಡೋರ್ ಪ್ಯಾಡ್ (ಬಾಗಿಲಿನ ಒಳಬದಿಯ ಪ್ಲಾಸ್ಟಿಕ್ ಹೊದಿಕೆ), ಒದ್ದೆ ಕಾರ್ಪೆಟ್, ಜೊತೆಗೊಂದು ಜಗಳ ತಂದಿಟ್ಟಿತು. ಅಂಗಡಿ ಹೆಸರು ಕೇಳಬೇಡಿ, ಹಾಕಲ್ಲ. ಹೀಗೆ ಕೆಲಸ ಮಾಡೋದು ಅದೊಂದೇ ಅಂಗಡಿ ಅಲ್ಲ.

ಆಗಿದ್ದು ಇಷ್ಟು. ಡ್ರೈವರ್ ಕಡೆ ಬಾಗಿಲು ಎಳೆದು ಹಾಕೋಕೆ ಕೈ ಹಾಕ್ತೀವಲ್ಲ, ಆ ಹಿಡಿಯ ಬುಡ ಬಿರುಕು ಬಿಟ್ಟಿತ್ತು. ಹಳೇ ಗಾಡಿ, ದಿನಾ ಎಳೆದೂ ಎಳೆದೂ ಹಾಗಾಗಿದೆ. ಬಿ.ಎಚ್. ರಸ್ತೆ ಕಡೆ ಒಂದು ಆಕ್ಸೆಸರೀಸ್ ಅಂಗಡಿಗೆ ತಗೊಂಡು ಹೋದೆ. ಹುಡುಗ ಬಗ್ಗಿ ನೋಡಿದ. "ಅರ್ಧ ಗಂಟೆ ಅಣ್ಣ, ಟೀ ಕುಡ್ಕೊಂಡು ಬನ್ನಿ" ಅಂದ. ಟೀ ಮುಗಿಸಿ ಬರುವ ಹೊತ್ತಿಗೆ ಅವನು ದಪ್ಪ ಸ್ಕ್ರೂಡ್ರೈವರ್ ತೂರಿಸಿ ಪ್ಯಾಡನ್ನು ಮೀಟುತ್ತಿದ್ದ, ಒಳಗಿಂದ ಟಪ್ ಟಪ್ ಅಂತ ಸದ್ದು ಬರುತ್ತಿತ್ತು.

ಡೋರ್ ಪ್ಯಾಡ್ ಬಿಚ್ಚೋಕೆ ಒಂದು ಕ್ರಮ ಇದೆ. ಹಿಡಿಯ ಒಳಗೆ, ಲಾಕ್ ಲಿವರ್ ಹಿಂದೆ, ಸಣ್ಣ ಮುಚ್ಚಳಗಳ ಕೆಳಗೆ ಸ್ಕ್ರೂ ಅಡಗಿರುತ್ತವೆ. ಮೊದಲು ಅವನ್ನೆಲ್ಲ ತೆಗೆಯಬೇಕು. ಆಮೇಲೆ ಪ್ಲಾಸ್ಟಿಕ್ ಪಟ್ಟಿ ಹಾಕಿ, ಪ್ಯಾಡನ್ನು ಬಾಗಿಲಿಗೆ ಹಿಡಿದಿಡುವ ಕ್ಲಿಪ್ ಎಲ್ಲಿದೆಯೋ ಅಲ್ಲೇ ಮೀಟಬೇಕು. ಕ್ಲಿಪ್ ಮುರಿದರೆ ಚಿಂತೆ ಇಲ್ಲ, ಹತ್ತಿಪ್ಪತ್ತು ರೂಪಾಯಿಗೆ ಹೊಸದು ಸಿಗುತ್ತದೆ. ಆದರೆ ಆ ಕ್ಲಿಪ್ ಕೂರುವ ಗೂಡು ಪ್ಯಾಡಿನ ಹಿಂಬದಿಯಲ್ಲೇ ಇರುತ್ತದೆ. ಅದು ಮುರಿದರೆ ಹೊಸ ಕ್ಲಿಪ್ ತಂದರೂ ಕೂರಿಸೋಕೆ ಜಾಗವೇ ಇರಲ್ಲ. ನನ್ನ ಗಾಡಿಯಲ್ಲಿ ಮುರಿದದ್ದು ಗೂಡುಗಳು.

ಆಮೇಲೆ ಸೂಪರ್ ಗ್ಲೂ ಬಂತು. ಬಿರುಕಿಗೆ ಅಡುಗೆ ಸೋಡಾ ತುಂಬಿ ಮೇಲೆ ಗ್ಲೂ ಸುರಿದ. ಹೊಗೆ ಎದ್ದು ಕ್ಷಣದಲ್ಲಿ ಗಟ್ಟಿಯಾಯಿತು. "ಕಲ್ಲಾಗಿದೆ ನೋಡಿ ಅಣ್ಣ" ಅಂತ ಬೆರಳಲ್ಲಿ ಕುಟ್ಟಿ ತೋರಿಸಿದ. ಕಲ್ಲಾಗಿದ್ದು ನಿಜ. ಪ್ಲಾಸ್ಟಿಕ್ಕಿಗೆ ಅಂಟಿದ್ದು ಮಾತ್ರ ಸುಳ್ಳು. ಈ ಪ್ಯಾಡ್‌ಗಳು ಬಹುಪಾಲು ಪಿಪಿ, ಅಂದರೆ ಪಾಲಿಪ್ರೊಪಿಲೀನ್. ಅದರ ಮೈಗೆ ಮಾಮೂಲಿ ಸೂಪರ್ ಗ್ಲೂ ಆಗಲಿ, ಎರಡು ಟ್ಯೂಬ್ ಬೆರೆಸಿ ಹಚ್ಚುವ ಎಪಾಕ್ಸಿ ಅಂಟಾಗಲಿ ಹಿಡಿಯಲ್ಲ. ಮೊದಲು ಅದಕ್ಕೆಂದೇ ಇರುವ ಪ್ರೈಮರ್, ಅಂದರೆ ಅಂಟು ಹಿಡಿಯುವಂತೆ ಮಾಡುವ ದ್ರವ, ಹಚ್ಚಬೇಕು. ಅದಿಲ್ಲದೆ ಹಾಕಿದರೆ ಸ್ವಲ್ಪ ದಿನ ನಿಂತ ಹಾಗೆ ಕಾಣುತ್ತದೆ, ಬಾಗಿಲನ್ನು ನಾಲ್ಕು ಸಲ ಜೋರಾಗಿ ಎಳೆದರೆ ಗಟ್ಟಿಯಾದ ಆ ಸೋಡಾ ತುಂಡು ಹಾಗೇ ಉದುರಿ ಕೈಗೆ ಬರುತ್ತದೆ. ಬಂತು ಕೂಡ.

ಬಿಳಿ ಕಲೆ ಬೇರೆ. ಕಪ್ಪು ಪ್ಯಾಡ್ ಮೇಲೆ ಬಿರುಕಿನ ಸುತ್ತ ಬೂದಿ ಉದುರಿಸಿದಂತೆ ಕಲೆ ಎದ್ದಿತು. ಗ್ಲೂ ಒಣಗುವಾಗ ಅದರ ಆವಿ ಪಕ್ಕದಲ್ಲೇ ಕೂತು ಗಟ್ಟಿಯಾಗುವುದರಿಂದ ಹಾಗಾಗುತ್ತದೆ. ಕಿಟಕಿ ಮುಚ್ಚಿದ್ದಷ್ಟೂ, ಗ್ಲೂ ಸುರಿದಷ್ಟೂ ಜಾಸ್ತಿ. ಅದನ್ನು ಮುಚ್ಚಿಹಾಕೋಕೆ ಅವನು ಥಿನ್ನರ್ ಬಟ್ಟೆಯಲ್ಲಿ ತಿಕ್ಕಿದ. ಈಗ ಅಲ್ಲಿ ಮಿರಿಮಿರಿ ಹೊಳೆಯುವ ಪಟ್ಟೆ. ನೀವೂ ಮನೆಯಲ್ಲಿ ನೇಲ್ ಪಾಲಿಶ್ ರಿಮೂವರ್ ಹಾಕಿ ಒರೆಸೋಕೆ ಹೋಗಬೇಡಿ. ಭಾಗ ಎಬಿಎಸ್ ಅನ್ನೋ ಇನ್ನೊಂದು ಥರದ ಪ್ಲಾಸ್ಟಿಕ್ ಆಗಿದ್ದರೆ ಅಸಿಟೋನ್‌ಗೆ ಅದರ ಮೈಯೇ ಕರಗುತ್ತದೆ.

ಇಷ್ಟಕ್ಕೇ ನಿಂತಿದ್ದರೆ ಈ ಬರಹವೇ ಬೇಕಿರಲಿಲ್ಲ. ಗೂಡು ಮುರಿದದ್ದನ್ನು ಹೇಳದೆ, ಪ್ಯಾಡನ್ನು ಬಾಗಿಲಿನ ತಗಡಿಗೇ ಹಾಟ್ ಗ್ಲೂ ಮತ್ತು ಸಿಲಿಕೋನ್ ಹಾಕಿ ಅಂಟಿಸಿ ಕಳಿಸಿದ್ದ. ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರೊಳಗೆ ಹಾಟ್ ಗ್ಲೂ ಮೆತ್ತಗಾಯಿತು, ಮೇಲಿನ ಅಂಚು ಬಿಟ್ಟುಕೊಂಡು ಗಾಡಿ ಓಡುವಾಗೆಲ್ಲ ಕಟಕಟ ಸದ್ದು. ಸಿಲಿಕೋನ್ ಮಾತ್ರ ಬಿಡಲಿಲ್ಲ. ಆಮೇಲೊಂದು ದಿನ ಪವರ್ ವಿಂಡೋ ಕೆಟ್ಟು ಗ್ಲಾಸ್ ಮೇಲೆ ಬರಲಿಲ್ಲ. ಪ್ಯಾಡ್ ತೆಗೆಯದೆ ಆ ಕೆಲಸ ಆಗಲ್ಲ. ನಮ್ಮ ಮಾಮೂಲಿ ಮೆಕ್ಯಾನಿಕ್ ಎಷ್ಟು ಜೋಪಾನವಾಗಿ ಎಳೆದರೂ ಅದು ಎರಡು ತುಂಡಾಗಿ ಬಂತು.

ಒಳಗೆ ನೋಡಿದರೆ ಶೀಟ್ ಹರಿದಿತ್ತು. ಇದು ತುಂಬಾ ಜನಕ್ಕೆ ಗೊತ್ತಿರಲ್ಲ. ಡೋರ್ ಪ್ಯಾಡ್ ಹಿಂದೆ ಒಂದು ತೆಳು ಪ್ಲಾಸ್ಟಿಕ್ ಶೀಟನ್ನು ಕಪ್ಪು ಜಿಗುಟು ಅಂಟಿನಿಂದ ಹಚ್ಚಿರುತ್ತಾರೆ. ಮಳೆ ನೀರು ಗ್ಲಾಸ್ ಪಕ್ಕದಿಂದ ಬಾಗಿಲೊಳಗೆ ಇಳಿಯೋದು ಸಹಜ. ಅದನ್ನು ತಡೆದು ಬಾಗಿಲಿನ ಕೆಳಗಿರುವ ತೂತುಗಳ ಕಡೆ ಬಿಡೋದು ಈ ಶೀಟ್. ಹರಿದರೆ ನೀರು ನೇರ ಪ್ಯಾಡಿಗೆ, ಅಲ್ಲಿಂದ ಕಾರ್ಪೆಟ್ಟಿಗೆ. ಮಳೆ ಬಂದಾಗಲೆಲ್ಲ ಗಾಡಿಯಲ್ಲಿ ಮುಗ್ಗಲು ವಾಸನೆ ಯಾಕೆ ಅಂತ ಮನೆಯವರೆಲ್ಲ ತಲೆ ಕೆಡಿಸಿಕೊಂಡಿದ್ದೆವು, ಎಸಿ ಕ್ಲೀನ್ ಮಾಡಿಸಿ ಅದಕ್ಕೂ ದುಡ್ಡು ಸುರಿದಿದ್ದೆವು!

ಅಂಗಡಿಗೆ ಹೋಗಿ ಕೇಳಿದರೆ "ನಿಮ್ಮ ಗಾಡಿ ಹಳೇದು ಸಾರ್, ಮುಂಚೆನೇ ಹಂಗಿತ್ತು" ಅಂದರು. ಅಣ್ಣ ಹೋಗಿ ಸಾರ್ ಆಗಿದ್ದೆ. ಬಿಚ್ಚುವ ಮುಂಚೆ ಫೋಟೋ ತೆಗೆದಿಟ್ಟುಕೊಳ್ಳಿ, ಬಿಚ್ಚಿದ ಮೇಲೂ ಹಿಂಬದಿಯ ಫೋಟೋ ತೆಗೆಯಿರಿ. ಗೂಡುಗಳೂ ಶೀಟೂ ಅದರಲ್ಲಿ ಕಾಣಬೇಕು. ಅಂಗಡಿಯವರು ಫೋಟೋ ಬೇಡ ಅಂದರೆ ಗಾಡಿ ವಾಪಸ್ ತಗೊಂಡು ಬನ್ನಿ.

ಹಿಂಬದಿಯಲ್ಲಿ ಪ್ಲಾಸ್ಟಿಕ್ ಯಾವುದು ಅಂತ ಅಚ್ಚೇ ಒತ್ತಿರುತ್ತಾರೆ: ಪಿಪಿ, ಎಬಿಎಸ್, ಅಥವಾ ಪಿಪಿ-ಟಿ20 ಥರ. ಟಿ20 ಅಂದರೆ ನೂರಕ್ಕೆ ಇಪ್ಪತ್ತು ಪಾಲು ಟಾಲ್ಕ್ ಪುಡಿ ಬೆರೆಸಿದ್ದು. ನೀರಲ್ಲಿ ತೇಲಿದರೆ ಪಿಪಿ, ಮುಳುಗಿದರೆ ಎಬಿಎಸ್ ಅಂತ ಹೇಳುವವರಿದ್ದಾರೆ. ಇಷ್ಟು ಟಾಲ್ಕ್ ಬೆರೆತ ಪಿಪಿಯೂ ಮುಳುಗುತ್ತದೆ, ಹಾಗಾಗಿ ಆ ಪರೀಕ್ಷೆ ನಂಬಬೇಡಿ, ಅಚ್ಚು ಓದಿ. ಎಬಿಎಸ್ ಆದರೆ ಒಳ್ಳೆ ಎಪಾಕ್ಸಿ ನಿಲ್ಲುತ್ತದೆ. ಪಿಪಿ ಆದರೆ ಪ್ಲಾಸ್ಟಿಕ್ ವೆಲ್ಡಿಂಗ್ (ಬಿಸಿಯಿಂದ ಕರಗಿಸಿ ಬೆಸೆಯೋದು) ಮಾಡಿಸಬೇಕು, ಅದೂ ಪಿಪಿ ಕಡ್ಡಿಯಿಂದಲೇ. ಬಂಪರ್, ಸ್ಕೂಟರ್ ಪ್ಯಾನೆಲ್ ಬೆಸೆಯುವವರು ಇದನ್ನು ಚೆನ್ನಾಗಿ ಮಾಡುತ್ತಾರೆ. ಹಿಂಬದಿಯಿಂದ ತಂತಿ ಬಲೆ ಒತ್ತಿಸಿ ಬೆಸೆಸಿದರೆ ಇನ್ನೂ ಗಟ್ಟಿ.

ಇನ್ನೊಂದು ವಿಷಯ, ಇದು ದುಡ್ಡಿನದಲ್ಲ. ಅದೇ ಅಂಗಡಿಯಲ್ಲಿ ನಮ್ಮ ಭಾವನ ಗಾಡಿಯ ಮುಂದಿನ ಗ್ಲಾಸ್ ಪಕ್ಕದ ಕಂಬದ ಕವರ್ ಸಡಿಲ ಇತ್ತು ಅಂತ ಸ್ಕ್ರೂ ಹೊಡೆಯೋಕೆ ಡ್ರಿಲ್ ಎತ್ತಿದ್ದರಂತೆ. ಅದರ ಮೇಲೆ ಏರ್‌ಬ್ಯಾಗ್ ಅಂತ ಬರೆದೇ ಇದೆ. ಅಲ್ಲಿ, ಅಪಘಾತವಾದಾಗ ಕಿಟಕಿಗುಂಟ ಪರದೆಯಂತೆ ಬಿಚ್ಚಿಕೊಳ್ಳುವ ಕರ್ಟನ್ ಏರ್‌ಬ್ಯಾಗ್ ಇರುವ ಗಾಡಿಗಳಲ್ಲಿ ಕವರ್ ಬಿಟ್ಟುಕೊಂಡು ಬ್ಯಾಗಿಗೆ ದಾರಿ ಕೊಡಬೇಕು, ಅದಕ್ಕೇ ಕ್ಲಿಪ್‌ಗಳೂ ಬೇರೆ ಥರ ಇರುತ್ತವೆ. ಅಂಟು ಹಾಕಿದರೆ, ಸ್ಕ್ರೂ ಬಿಗಿದರೆ ಬ್ಯಾಗ್ ತಡೆದು ನಿಲ್ಲಬಹುದು, ಇಲ್ಲವೇ ಕವರ್ ಚೂರಾಗಿ ಮುಖಕ್ಕೆ ಹಾರಬಹುದು. ಸ್ಟೀರಿಂಗ್ ನಡುವಿನ ಮುಚ್ಚಳ, ಎಡಗಡೆ ಡ್ಯಾಶ್‌ಬೋರ್ಡಿನ ಮೇಲ್ಭಾಗಕ್ಕೂ ಇದೇ ಮಾತು. ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನ ವೈರು, ಆಕ್ಸೆಸರೀಸ್ ಅಂಗಡಿಯವರು ಅದನ್ನು ಮುಟ್ಟಲೇಬಾರದು. ಅಂಥ ಕಡೆ ಒಡೆದಿದ್ದರೆ ಸರ್ವೀಸ್ ಸೆಂಟರಲ್ಲಿ ಹೊಸ ಭಾಗವೇ ಹಾಕಿಸಿ.

ಈಗಾಗಲೇ ಎಲ್ಲಾದರೂ ಡೋರ್ ಪ್ಯಾಡ್ ಬಿಚ್ಚಿಸಿ ಹಾಕಿಸಿದ್ದೀರಾ? ಸ್ಪೀಕರ್ ಹಾಕಿಸಿದ್ದರೂ ಅಷ್ಟೇ. ಮುಂದಿನ ಮಳೆ ಆದ ಮೇಲೆ ಆ ಬಾಗಿಲ ಹತ್ತಿರ ಮ್ಯಾಟ್ ಎತ್ತಿ, ಕಾರ್ಪೆಟನ್ನು ಅಂಗೈಯಿಂದ ಒತ್ತಿ ನೋಡಿ. ತೇವ ಇದ್ದರೆ ಶೀಟ್ ಹರಿದಿರುವ ಸಾಧ್ಯತೆಯೇ ಜಾಸ್ತಿ. ಶೀಟ್ ಮತ್ತು ಆ ಕಪ್ಪು ಅಂಟಿನ ಪಟ್ಟಿ ಎರಡೂ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗುತ್ತವೆ.